ಒಳಗಿರುವವರೇ, ಬಾಗಿಲು ತೆರೆಯಿರಿ!

(ಬೆಂಗಳೂರಿನಲ್ಲಿ ಯುವಕರ ಸಭೆಯಲ್ಲಿ ಆಡಿದ ಮಾತು)

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಿಂದ ಬಂದು ಇಲ್ಲಿ ದುಡಿಯುತ್ತಿರುವ ಕನ್ನಡದ ಬಂಧುಗಳೇ,

ನಾನು ಪಿಯುಸಿ ಓದಿ ಮಧುಗಿರಿಯಲ್ಲಿ ಪ್ರೆಸ್ ನಡೆಸುವವನು. ಪ್ರೋಗ್ರಾಂ ಬರೆಯಲು ಬಾರದು. ಆದರೆ ಬರೆಯಬಲ್ಲ ನಮ್ಮ ಹುಡುಗರ ಬಯೋಡೇಟಾ ಅಚ್ಚು ಹಾಕಿ ಅವರ ಕಷ್ಟ ಬಲ್ಲೆ. ಶಿರಾ ಕಡೆಯ ಹುಡುಗನೊಬ್ಬನಿಗೆ ಎಂಟು ವರ್ಷದ ಅನುಭವವಿದ್ದೂ ಕೆಲಸ ಹೋಯಿತು. ನಾಲ್ಕು ತಿಂಗಳು ಅರ್ಜಿ ಹಾಕಿದ, ಉತ್ತರವಿಲ್ಲ. ಕೊನೆಗೆ ಕೆಲಸ ಕೊಡಿಸಿದ್ದು ಹಳೆಯ ಸಹೋದ್ಯೋಗಿಯ ಒಂದು ಮಾತು!

ನನ್ನ ಆಫ್‌ಸೆಟ್ ಯಂತ್ರಕ್ಕೆ ಆಳು ಬೇಕಾದರೆ ನಾನೂ ಬಲ್ಲವರನ್ನೇ ಕೇಳುತ್ತೇನೆ. ಅನುಭವಿಗಳು ಬೇಕಾದಾಗ ಎಷ್ಟೋ ಸಾಫ್ಟ್‌ವೇರ್ ಕಂಪನಿಗಳೂ ತಮ್ಮ ನೌಕರರನ್ನು ಕೇಳುತ್ತವೆ. ಸೂಚಿಸಿದವನು ಸೇರಿದರೆ ಬಹುಮಾನದ ಹಣವನ್ನೂ ಕೊಡುತ್ತವೆ. ಬೇರೆಯವರು ತಮ್ಮವರನ್ನು ಕರೆಯುತ್ತಾರೆ. ಅದು ತಪ್ಪಲ್ಲ. ನಾವು ಕರೆಯದಿರುವುದು ತಪ್ಪು!

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. 1986ರಲ್ಲಿ ಸರೋಜಿನಿ ಮಹಿಷಿ ಸಮಿತಿ, ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಬೇಕೆಂದು ಅಂತಿಮ ವರದಿ ಕೊಟ್ಟಿತು. ಸರ್ಕಾರವನ್ನು ಕೇಳುವುದನ್ನು ನಿಲ್ಲಿಸಬೇಡಿ. ಆದರೆ ಮನೆಸಾಲದ ಕಂತು ಕಟ್ಟುವವನು ವರದಿ ಜಾರಿಯಾಗುವತನಕ ಕಾಯಲಾರ.

ಹುಡುಕುವವರೇ, ಬಯೋಡೇಟಾದಲ್ಲಿ ಕಲಿತದ್ದರ ಪಟ್ಟಿಗಿಂತ ಮೊದಲು ಮಾಡಿದ ಕೆಲಸ ಬರೆಯಿರಿ: ಏನು ಕಟ್ಟಿದಿರಿ, ಯಾವ ದೋಷ ಸರಿಪಡಿಸಿದಿರಿ. ಕೆಲಸವಿರುವಾಗಲೇ ಹಳೆಯ ಜೊತೆಗಾರರ ನಂಟು ಉಳಿಸಿಕೊಳ್ಳಿ. ಸಂಕೋಚ ಬಿಟ್ಟು ಕೇಳಿ, ಕೇಳುವುದು ಭಿಕ್ಷೆಯಲ್ಲ.

ಒಳಗಿರುವವರೇ, ಊರವನೆಂದು ಕೆಲಸ ಬಾರದವನನ್ನು ಕಳಿಸಬೇಡಿ. ನಿಮ್ಮ ಮಾತಿಗೆ ಬೆಲೆ ಹೋಗುತ್ತದೆ. ಆದರೆ ಬಲ್ಲವನು ಬಂದಾಗ ಕನ್ನಡ ಮರೆತವರಂತೆ ಮುಖ ತಿರುಗಿಸಬೇಡಿ. ಒಬ್ಬರು ಒಬ್ಬರನ್ನು ಕೈಹಿಡಿದರೆ ಸಾಕು.

ಸಿರಿಗನ್ನಡಂ ಗೆಲ್ಗೆ!