ದಂಡ ಕಟ್ಟಿದರೂ ತೀರದ ಸಾಲ

(ಜನ್ನಾಪುರದ ಮಸೀದಿಯಲ್ಲಿ ಜುಮಾ ಖುತ್ಬಾಕ್ಕೆ ಮುಂಚೆ ಕನ್ನಡದಲ್ಲಿ ಮಾಡಿದ ಭಾಷಣದ ಸಾರಾಂಶ)

ಸರ್ವಸ್ತುತಿಯೂ ಸರ್ವಲೋಕಗಳ ಪಾಲಕನಾದ ಅಲ್ಲಾಹನಿಗೆ ಮೀಸಲು. ಆತನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಹಾಬಿಗಳ ಮೇಲೆ ಅಲ್ಲಾಹನ ಕೃಪೆಯೂ ಶಾಂತಿಯೂ ಇರಲಿ.



ನಮ್ಮ ಜಮಾಅತಿನ ಒಬ್ಬ ಹಿರಿಯರು ಕೆಲವು ವಾರಗಳಿಂದ ಜುಮಾದಲ್ಲಿ ಕಾಣುತ್ತಿರಲಿಲ್ಲ. ಹೆಸರು ಹೇಳುವುದಿಲ್ಲ, ಅವರಿಗೆ ಅದು ಇಷ್ಟವಾಗುವುದಿಲ್ಲ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ತೆಗೆಯಬೇಕಾಯಿತು. ಹಿಂದೆ ಎರಡು ಚಕ್ರ ಹೆಚ್ಚಿಗೆ ಕೂಡಿಸಿದ ಸ್ಕೂಟರಿನಲ್ಲಿ ಒಬ್ಬರೇ ಬರುತ್ತಿದ್ದರು. ಹುಷಾರಿಲ್ಲವೇನೋ ಎಂದುಕೊಂಡು ಒಂದು ದಿನ ಅಸರ್ ನಮಾಝಿನ ನಂತರ ಅವರ ಮನೆಗೆ ಹೋದೆ. "ಚಾಚಾ, ಜುಮಾಕ್ಕೆ ಬರೋದು ಬಿಟ್ಟುಬಿಟ್ರಲ್ಲ" ಎಂದೆ.

ಅವರು ನಕ್ಕರು. "ಬರೋದು ಬಿಟ್ಟಿಲ್ಲ ಹಝ್ರತ್. ಗೇಟಿನ ತನಕ ಬಂದು ವಾಪಸ್ ಹೋಗ್ತಾ ಇದ್ದೀನಿ" ಎಂದರು.

ಮಸೀದಿಯ ಬಾಗಿಲಿಗೆ ನಾವು ಚಂದಾ ಎತ್ತಿ ಇಳಿಜಾರು ಕಟ್ಟಿಸಿದ್ದೇವೆ. ಗಾಲಿಕುರ್ಚಿಯವರು, ಊರುಗೋಲಿನವರು ಹತ್ತಲಿ ಅಂತ. ಶುಕ್ರವಾರ ಮಧ್ಯಾಹ್ನ ಅದರ ಬುಡದಲ್ಲಿ ಏಳೆಂಟು ಬೈಕು ನಿಂತಿರುತ್ತವೆ. ಚಾಚಾ ಅವರ ಸ್ಕೂಟರ್ ಅಗಲ ಹೆಚ್ಚು, ಸಂದಿಯಲ್ಲಿ ನುಗ್ಗುವುದಿಲ್ಲ. ದೂರ ನಿಲ್ಲಿಸಿದರೆ ಅಲ್ಲಿಂದ ಊರುಗೋಲಿನಲ್ಲಿ ಬರಬೇಕು, ಮಳೆಯಲ್ಲಿ ಜಾರುತ್ತದೆ. ಮೂರು ಶುಕ್ರವಾರ ಬಂದು ನೋಡಿದರು. ಮೂರು ಸಲವೂ ಹಿಂತಿರುಗಿ ಹೋಗಿ ಮನೆಯಲ್ಲಿ ಝುಹರ್ ಮಾಡಿಕೊಂಡರು. ಯಾರ ಮೇಲೂ ದೂರು ಹೇಳಲಿಲ್ಲ.

ಆ ಮೂರೂ ಶುಕ್ರವಾರ ನಾನು ಇದೇ ಮಿಂಬರಿನ ಮುಂದೆ ನಿಂತು ಮಾತಾಡಿದ್ದೇನೆ. ನಾನೂ ನೋಡಲಿಲ್ಲ. ಆದ್ದರಿಂದ ಇವತ್ತಿನ ಮಾತು ಮೊದಲು ನನಗೆ, ಆಮೇಲೆ ನಿಮಗೆ.

ಸಹೋದರರೇ, ಅಲ್ಲಾಹನ ಮಸೀದಿಗಳಲ್ಲಿ ಆತನ ನಾಮಸ್ಮರಣೆ ಆಗದಂತೆ ತಡೆಯುವವನಿಗಿಂತ ದೊಡ್ಡ ಅಕ್ರಮಿ ಯಾರು ಎಂದು ಸೂರಃ ಅಲ್ ಬಕರದ 114ನೇ ಆಯತಿನಲ್ಲಿ ಅಲ್ಲಾಹನು ಕೇಳುತ್ತಾನೆ. ಅದು ದ್ವೇಷದಿಂದ ತಡೆದವರ ಬಗ್ಗೆ ಬಂದ ಆಯತ್ ಎಂಬುದು ನನಗೆ ಗೊತ್ತು. ನಮ್ಮ ಮನಸ್ಸಿನಲ್ಲಿ ದ್ವೇಷ ಇರಲಿಲ್ಲ, ಅವಸರ ಇತ್ತು ಅಷ್ಟೆ. ಆದರೆ ಗೇಟಿನಿಂದ ಹಿಂತಿರುಗಿದ ಮನುಷ್ಯನಿಗೆ ಎರಡೂ ಒಂದೇ. ಅವರು ಒಳಗೆ ಬರಲಿಲ್ಲ.

ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿ ಇತ್‌ಬಾನ್ ಬಿನ್ ಮಾಲಿಕ್(ರ) ಎಂಬ ಅನ್ಸಾರಿ ಸಹಾಬಿಯ ಘಟನೆ ಇದೆ. ಬದ್ರ್‌ನಲ್ಲಿ ಪಾಲ್ಗೊಂಡವರು ಅವರು. ತಮ್ಮ ಕಬೀಲೆಯ ಜನರಿಗೆ ನಮಾಝ್ ಮಾಡಿಸುತ್ತಿದ್ದರು. ಕಣ್ಣಿನ ದೃಷ್ಟಿ ಹೋಗಿತ್ತು. ಅವರ ಮನೆಗೂ ಮಸೀದಿಗೂ ನಡುವೆ ಒಂದು ಹಳ್ಳ. ಮಳೆ ಬಂದರೆ ಹಳ್ಳ ತುಂಬಿ ಹರಿಯುತ್ತದೆ, ದಾಟಲು ಆಗುವುದಿಲ್ಲ. ಅವರು ಪ್ರವಾದಿ(ಸ)ರ ಬಳಿ ಬಂದು, ತಾವು ಒಮ್ಮೆ ನನ್ನ ಮನೆಗೆ ಬಂದು ಒಂದು ಕಡೆ ನಮಾಝ್ ಮಾಡಿಕೊಡಿ, ಆ ಜಾಗವನ್ನೇ ನಾನು ನಮಾಝಿನ ಸ್ಥಳ ಮಾಡಿಕೊಳ್ಳುತ್ತೇನೆ ಎಂದು ಬೇಡಿಕೊಂಡರು. ಪ್ರವಾದಿ(ಸ)ರು ಒಪ್ಪಿದರು. ಮರುದಿನ ಹೊತ್ತೇರಿದ ಮೇಲೆ ಅಬೂಬಕರ್(ರ)ರನ್ನು ಕರೆದುಕೊಂಡು ಬಂದರು. ಕುಳಿತುಕೊಳ್ಳುವ ಮೊದಲೇ, ಎಲ್ಲಿ ನಮಾಝ್ ಮಾಡಲಿ ಎಂದು ವಿಚಾರಿಸಿದರು. ತೋರಿಸಿದ ಜಾಗದಲ್ಲಿ ಎರಡು ರಕಅತ್ ಮಾಡಿದರು.

ಮಲೆನಾಡಿನವರಾದ ನಮಗೆ ತುಂಬಿದ ಹಳ್ಳ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ವ್ಯತ್ಯಾಸ ನೋಡಿ. ಇತ್‌ಬಾನ್(ರ)ರಿಗೆ ಅಡ್ಡ ಬಂದದ್ದು ಮಳೆಯ ನೀರು. ನಮ್ಮ ಚಾಚಾ ಅವರಿಗೆ ಅಡ್ಡ ಬಂದದ್ದು ನಮ್ಮ ಬೈಕು. ಅಲ್ಲಿ ಹಳ್ಳ ದಾಟಲಾರದವನ ಮನೆಗೆ ಅಲ್ಲಾಹನ ರಸೂಲರೇ ನಡೆದು ಹೋದರು. ಇಲ್ಲಿ ಹಳ್ಳ ನಾವೇ ಆಗಿದ್ದೇವೆ.

ಇದು ಮಸೀದಿಯ ಬಾಗಿಲಿನ ಮಾತು ಮಾತ್ರ ಅಲ್ಲ. ಆಸ್ಪತ್ರೆ, ಬ್ಯಾಂಕ್, ದೊಡ್ಡ ಅಂಗಡಿಗಳ ಮುಂದೆ ನೆಲದ ಮೇಲೆ ಗಾಲಿಕುರ್ಚಿಯ ಚಿತ್ರ ಬರೆದಿರುತ್ತಾರೆ. ಅದು ವಿಕಲಚೇತನರ ವಾಹನಕ್ಕೆ ಮೀಸಲು. ನಮ್ಮ ದೇಶದ ಕಟ್ಟಡ ನಿಯಮಗಳ ಪ್ರಕಾರ ಆ ಜಾಗ 3.6 ಮೀಟರ್ ಅಗಲ ಇರಬೇಕು, ಕಟ್ಟಡದ ಬಾಗಿಲಿನಿಂದ 30 ಮೀಟರ್ ಒಳಗೆ ಇರಬೇಕು. ಅಷ್ಟು ಅಗಲ ಯಾಕೆ? ಕಾರಿನ ಬಾಗಿಲು ಪೂರ್ತಿ ತೆರೆಯಬೇಕು, ಪಕ್ಕದಲ್ಲಿ ಗಾಲಿಕುರ್ಚಿ ಬಂದು ನಿಲ್ಲಬೇಕು, ಮನುಷ್ಯ ಕಾರಿನಿಂದ ಕುರ್ಚಿಗೆ ಸರಿಯಬೇಕು. ನಮ್ಮ ಹುಡುಗರು ಆ ಪಕ್ಕದ ಜಾಗವನ್ನು ಖಾಲಿ ಎಂದುಕೊಂಡು ಬೈಕು ತೂರಿಸುತ್ತಾರೆ. ಅದು ಖಾಲಿ ಜಾಗ ಅಲ್ಲ, ಒಬ್ಬರು ಇಳಿಯುವ ಜಾಗ. ಕಾರು ಒಳಗಿದ್ದಾಗ ಬೈಕು ನಿಲ್ಲಿಸಿ ಹೋದರೆ, ವಾಪಸ್ ಬಂದವರು ತಮ್ಮ ಕಾರನ್ನೇ ಹತ್ತಲಾರರು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಏಳು ಬಗೆಯ ಬದಲು 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ಸಾರ್ವಜನಿಕ ಕಟ್ಟಡಗಳಿಗೆ ಎಲ್ಲರೂ ಹೋಗಿ ಬರುವಂತಿರಬೇಕು ಎಂದಿತು. ನೆಲದ ಮೇಲಿನ ಆ ಚಿತ್ರ ಯಾರೋ ಕೊಟ್ಟ ರಿಯಾಯಿತಿ ಅಲ್ಲ, ಅವರ ಹಕ್ಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹಕ್ಕುಲ್ ಇಬಾದ್, ಅಂದರೆ ದಾಸರ ಮೇಲೆ ದಾಸರಿಗಿರುವ ಹಕ್ಕು.

ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡುತ್ತೇನೆ. ಹಿಂದೊಮ್ಮೆ ಶಿವಮೊಗ್ಗದ ಒಂದು ಖಾಸಗಿ ಕಟ್ಟಡಕ್ಕೆ ನನ್ನ ಭಾವನ ಕಾರಿನಲ್ಲಿ ಹೋಗಿದ್ದೆ. ಜೋರು ಮಳೆ. ಎಲ್ಲೂ ಜಾಗ ಇರಲಿಲ್ಲ. ಎರಡೇ ನಿಮಿಷ ತಾನೇ ಎಂದುಕೊಂಡು ಗಾಲಿಕುರ್ಚಿಯ ಚಿತ್ರದ ಮೇಲೆ ನಿಲ್ಲಿಸಿದೆ. ವಾಪಸ್ ಬರುವಾಗ ಚಕ್ರಕ್ಕೆ ಬೀಗ ಹಾಕಿದ್ದರು. ಕಾವಲಿನ ಹುಡುಗ 500 ರೂಪಾಯಿ ದಂಡ ಎಂದ. ನನಗೆ ಸಿಟ್ಟು ಬಂತು. "ನೀನೇನು ಪೊಲೀಸಾ? ದಂಡ ಹಾಕೋಕೆ ನೀನ್ಯಾರು?" ಎಂದು ವಾದಕ್ಕೆ ನಿಂತೆ. ಗಡ್ಡ, ಟೋಪಿ, ಜುಬ್ಬಾ, ಎಲ್ಲ ಇತ್ತು. ಸುತ್ತ ಹತ್ತು ಜನ ನೋಡುತ್ತಿದ್ದರು.

ಆಗ ಒಂದು ಕಾರು ಬಂತು. ಜಾಗ ಇಲ್ಲದೆ ರಸ್ತೆಯಲ್ಲೇ, ಚರಂಡಿಯ ಪಕ್ಕ ನಿಂತಿತು. ಒಬ್ಬ ಅಜ್ಜಿಯನ್ನು ಮಗ ಮತ್ತು ಸೊಸೆ ಎತ್ತಿ ಇಳಿಸಿದರು. ಮಳೆಯಲ್ಲಿ ಅಜ್ಜಿಯ ಸೀರೆ ಪೂರ್ತಿ ನೆನೆಯಿತು. ನನ್ನ ಪಕ್ಕದಲ್ಲೇ ಹಾದು ಹೋದರು. ಏನೂ ಅನ್ನಲಿಲ್ಲ.

ನಾನು ಸುಮ್ಮನೆ ದಂಡ ಕಟ್ಟಿದೆ. ರಸೀದಿ ಕೊಟ್ಟರು. ಬಹಳ ದಿನ ಅದು ನನ್ನ ಜೇಬಿನಲ್ಲಿತ್ತು. ಆದರೆ ಆ ಅಜ್ಜಿ ಯಾವ ಊರಿನವರೋ, ಈಗ ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರಲ್ಲಿ ಮಾಫಿ ಕೇಳುವುದು ಹೇಗೆ?

ಸಹೋದರರೇ, ಖಾಸಗಿಯವರು ದಂಡ ಹಾಕಬಹುದೇ ಎಂದು ಅನೇಕರು ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ಪೊಲೀಸರು ವಿಧಿಸುವ ದಂಡಕ್ಕೆ ಮೋಟಾರು ವಾಹನ ಕಾಯ್ದೆಯ ಬಲವಿದೆ. ಖಾಸಗಿ ಜಾಗದವನಿಗೆ ಆ ಅಧಿಕಾರ ಇಲ್ಲ. ಅವನು ಕೇಳುವುದು ಕರಾರಿನ ಹಣ. ಬಾಗಿಲಲ್ಲಿ ಷರತ್ತಿನ ಬೋರ್ಡು ಹಾಕಿ, ನಾವು ಅದನ್ನು ನೋಡಿ ಒಳಗೆ ಹೋದರೆ ಆ ಷರತ್ತಿಗೆ ಒಪ್ಪಿದಂತೆ ಎಂಬುದು ಅವನ ಆಧಾರ. ಅದರಲ್ಲೂ 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ನ್ಯಾಯಾಲಯ ಕೊಡಿಸುವುದು ಸಮಂಜಸವಾದ ಪರಿಹಾರ ಮಾತ್ರ, ಬೋರ್ಡಿನಲ್ಲಿ ಬರೆದಷ್ಟೂ ಸಿಗಲೇಬೇಕೆಂದಿಲ್ಲ. ನಮ್ಮ ಹನಫೀ ಫಿಕ್ಹ್‌ನಲ್ಲೂ ಶಿಕ್ಷೆಯಾಗಿ ಹಣ ವಸೂಲು ಮಾಡುವ ಬಗ್ಗೆ ಚರ್ಚೆ ಇದೆ, ಹೆಚ್ಚಿನ ವಿದ್ವಾಂಸರು ಅದನ್ನು ಒಪ್ಪಿಲ್ಲ. ಇನ್ನೊಂದು ಕಡೆ, ಮುಸ್ಲಿಮರು ತಾವು ಒಪ್ಪಿದ ಷರತ್ತುಗಳಿಗೆ ಬದ್ಧರು ಎಂಬ ಅರ್ಥದ ಹದೀಸ್ ತಿರ್ಮಿದಿಯಲ್ಲಿದೆ. ಬೋರ್ಡು ಇಲ್ಲದೆ, ರಸೀದಿ ಕೊಡದೆ ಹಣ ಕಿತ್ತರೆ ಪ್ರಶ್ನಿಸಿ, ದೂರು ಕೊಡಿ. ಅನ್ಯಾಯವನ್ನು ಸಹಿಸಬೇಕೆಂದು ನಾನು ಹೇಳುವುದಿಲ್ಲ.

ಆದರೆ ಅವನ ದಂಡ ತಪ್ಪಾಗಿದ್ದ ಮಾತ್ರಕ್ಕೆ ನನ್ನ ಕಾರು ನಿಂತದ್ದು ಸರಿಯಾಗುವುದಿಲ್ಲ. ಅವತ್ತು ನಾನು ಕಾವಲಿನ ಹುಡುಗನ ಹತ್ತಿರ ವಾದದಲ್ಲಿ ಗೆದ್ದಿದ್ದರೂ ಅಜ್ಜಿಯ ಮುಂದೆ ಸೋತೇ ಇರುತ್ತಿದ್ದೆ.

ನಿಮಗೆ ನೆನಪಿರಬಹುದು. 2023ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರಕಾರ ಬಾಕಿ ಇದ್ದ ಟ್ರಾಫಿಕ್ ದಂಡದಲ್ಲಿ ಶೇ. 50 ರಿಯಾಯಿತಿ ಕೊಟ್ಟಿತು. ಬೆಂಗಳೂರಿನಲ್ಲಿ ಜನ ಸಾಲುಗಟ್ಟಿ ನಿಂತು ಕಟ್ಟಿದರು, ಅದೊಂದೇ ನಗರದಲ್ಲಿ ನೂರು ಕೋಟಿಗೂ ಹೆಚ್ಚು ಸಂಗ್ರಹವಾಯಿತು. 2025ರಲ್ಲೂ ಅಂಥ ಅವಕಾಶ ಬಂತು. ಸರಕಾರದ ಹಣ, ಸರಕಾರ ಅರ್ಧ ಬಿಟ್ಟುಕೊಡಬಹುದು. ಆದರೆ ಅಂಗವಿಕಲನ ದಾರಿಗೆ ಅಡ್ಡ ನಿಂತದ್ದನ್ನು ಸರಕಾರ ಮಾಫಿ ಮಾಡಲಾರದು. ಆ ಕಟ್ಟಡದ ಮಾಲೀಕನೂ ಮಾಡಲಾರ. ಯಾರ ಹಕ್ಕನ್ನು ಕಸಿದುಕೊಂಡೆವೋ ಅವರೇ ಮಾಡಬೇಕು.

ಯಾರಾದರೂ ತನ್ನ ಸಹೋದರನಿಗೆ ಅನ್ಯಾಯ ಮಾಡಿದ್ದರೆ, ದೀನಾರೂ ದಿರ್ಹಮೂ ಇಲ್ಲದ ದಿನ ಬರುವ ಮುಂಚೆ ಇವತ್ತೇ ಅವನಿಂದ ಬಿಡಿಸಿಕೊಳ್ಳಲಿ ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಬುಖಾರಿಯಲ್ಲಿದೆ. ಆ ದಿನ ಅನ್ಯಾಯದ ಅಳತೆಗೆ ತಕ್ಕಂತೆ ಇವನ ಸತ್ಕರ್ಮ ತೆಗೆದು ಅವನಿಗೆ ಕೊಡಲಾಗುವುದು, ಸತ್ಕರ್ಮ ಇಲ್ಲದಿದ್ದರೆ ಅವನ ಪಾಪ ಇವನ ಮೇಲೆ ಹೊರಿಸಲಾಗುವುದು. ಅಲ್ಲಿ 500ರ ನೋಟು ನಡೆಯುವುದಿಲ್ಲ. ಜುಮಾಕ್ಕೆಂದು ಬಂದು, ಬೈಕು ಅಡ್ಡ ಇಟ್ಟು, ಆ ಜುಮಾದ ಪುಣ್ಯವನ್ನೇ ಗೇಟಿನಲ್ಲಿ ಬಿಟ್ಟು ಹೋಗುವುದು ಎಂಥ ನಷ್ಟ!

ಇನ್ನೂ ಎರಡು ಮಾತು. ನಡೆಯಲಾರದ ವಿಕಲಚೇತನರಿಗೆ ಸರಕಾರ ಯಂತ್ರಚಾಲಿತ ವಾಹನ ಕೊಡುತ್ತದೆ. ತಂದೆಗೆ ಬಂದ ವಾಹನವನ್ನು ಗಟ್ಟಿಮುಟ್ಟಾದ ಮಗ ವ್ಯಾಪಾರಕ್ಕೆ ಓಡಿಸುವುದು, ತಂದೆ ಮನೆಯಲ್ಲಿ ಕೂತಿರುವುದು, ಇದು ನಡೆಯಬಾರದು. ವಾಹನ ಅವರ ಅಮಾನತ್. ವಿಕಲಚೇತನರಿಗೆ ಮೀಸಲಾದ ಸೌಲಭ್ಯವನ್ನು ಮೋಸದಿಂದ ಪಡೆದರೆ ಅದೇ 2016ರ ಕಾಯ್ದೆಯ 91ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಎರಡನೆಯದು, ಮೀಸಲು ಜಾಗದಲ್ಲಿ ಕಾರು ನಿಲ್ಲಿಸಿದವರು ಇಳಿದು ನಡೆದರೆಂದು ಕೂಡಲೇ ಗದರಬೇಡಿ. ಹೊರಗೆ ಕಾಣದ ವೈಕಲ್ಯಗಳಿವೆ. ತಲಸ್ಸೀಮಿಯಾ, ಹಿಮೋಫಿಲಿಯಾ ಕೂಡ ಆ 21ರ ಪಟ್ಟಿಯಲ್ಲಿವೆ. ಸೂರಃ ಅಲ್ ಹುಜುರಾತಿನಲ್ಲಿ ಅಲ್ಲಾಹನು ಅತಿಯಾದ ಗುಮಾನಿಯಿಂದ ದೂರವಿರಿ ಎಂದು ಕಲಿಸಿದ್ದಾನೆ. ನಮ್ಮ ಕೆಲಸ ನಮ್ಮ ವಾಹನವನ್ನು ನೋಡಿಕೊಳ್ಳುವುದು.

ಸಹೋದರರೇ, ಜುಮಾಕ್ಕೆ ಮೊದಲ ಹೊತ್ತಿನಲ್ಲಿ ಬಂದವನಿಗೆ ಒಂಟೆ ದಾನ ಕೊಟ್ಟ ಪುಣ್ಯ, ಕೊನೆಗೆ ಬಂದವನಿಗೆ ಮೊಟ್ಟೆಯ ಪುಣ್ಯ ಎಂಬ ಹದೀಸ್ ನಿಮಗೆ ಗೊತ್ತು. ನಮ್ಮಲ್ಲಿ ಬಾಗಿಲಿಗೆ ಅಡ್ಡ ನಿಲ್ಲುವ ಬೈಕು ಹೆಚ್ಚಾಗಿ ಮೊಟ್ಟೆಯ ಹೊತ್ತಿಗೆ ಬಂದವರದು! ಬನೂ ಸಲಿಮಾದವರು ಮಸೀದಿಯ ಹತ್ತಿರಕ್ಕೆ ಮನೆ ಬದಲಿಸಲು ಹೊರಟಾಗ ಪ್ರವಾದಿ(ಸ)ರು, ಇದ್ದಲ್ಲೇ ಇರಿ, ನಿಮ್ಮ ಹೆಜ್ಜೆಗಳು ಬರೆಯಲ್ಪಡುತ್ತವೆ ಎಂಬ ಮಾತಿನಿಂದ ಸಮಾಧಾನಪಡಿಸಿದರು. ಕಾಲು ಗಟ್ಟಿ ಇರುವವರಿಗೆ ದೂರ ನಿಲ್ಲಿಸಿ ನಡೆದು ಬರುವುದು ನಷ್ಟ ಅಲ್ಲ. ಒಂದೊಂದು ಹೆಜ್ಜೆಗೂ ಲೆಕ್ಕ ಇದೆ.

ಮುತವಲ್ಲಿಯವರೊಂದಿಗೆ ಮಾತಾಡಿದ್ದೇನೆ. ಮುಂದಿನ ಶುಕ್ರವಾರದಿಂದ ಇಳಿಜಾರಿನ ಪಕ್ಕ ಎರಡು ವಾಹನದ ಜಾಗಕ್ಕೆ ಹಳದಿ ಬಣ್ಣ ಬಳಿಯುತ್ತೇವೆ. ಅಲ್ಲಿ ಬೇರೆ ಯಾರೂ ನಿಲ್ಲಿಸಬಾರದು, ನಾನಾಗಲಿ ಕಮಿಟಿಯವರಾಗಲಿ ಕೂಡ. ಮೊದಲ ಅಝಾನಿನಿಂದ ಜಮಾಅತ್ ನಿಲ್ಲುವವರೆಗೆ ಇಬ್ಬರು ಯುವಕರು ಗೇಟಿನಲ್ಲಿರುತ್ತಾರೆ. ಅವರು ಚಿಕ್ಕವರು, ನಾವು ದೊಡ್ಡವರು ಎಂದು ಅವರೊಡನೆ ವಾದ ಮಾಡಬೇಡಿ. ಅಕ್ಕಪಕ್ಕದ ಮನೆಯವರ ಗೇಟಿಗೂ ಅಡ್ಡ ನಿಲ್ಲಿಸಬೇಡಿ, ಅವರು ಯಾವ ಧರ್ಮದವರೇ ಆಗಿರಲಿ, ನೆರೆಯವರ ಹಕ್ಕು ಹಕ್ಕೇ. ನಾವು ದಂಡ ಹಾಕುವುದಿಲ್ಲ. ದಂಡ ಕಟ್ಟಿದರೆ ಮುಗಿಯಿತು ಎಂಬ ಭಾವನೆ ಬರುವುದು ಬೇಡ.

ಇನ್ನೊಂದು ಕೆಲಸ ಉಳಿದಿದೆ. ನಾನು ಚಾಚಾ ಅವರಲ್ಲಿ ಮಾಫಿ ಕೇಳಿದ್ದೇನೆ. "ಬಿಡಿ ಹಝ್ರತ್" ಎಂದರು. ಆ ಮೂರು ಶುಕ್ರವಾರಗಳಲ್ಲಿ ಇಳಿಜಾರಿನ ಬುಡದಲ್ಲಿ ಯಾರ ಬೈಕು ನಿಂತಿತ್ತೆಂದು ನನಗೆ ಗೊತ್ತಿಲ್ಲ. ನಿಲ್ಲಿಸಿದವರಿಗೆ ಗೊತ್ತು. ಅವರ ಮನೆ ದೂರವಿಲ್ಲ. ಅಜ್ಜಿಯ ವಿಷಯದಲ್ಲಿ ನನಗೆ ಸಿಗದ ಅವಕಾಶ ನಿಮಗೆ ಇನ್ನೂ ಇದೆ, ಹೋಗಿ ಬನ್ನಿ.

ಓ ಅಲ್ಲಾಹ್, ನಮಗೆ ತಿಳಿದೂ ತಿಳಿಯದೆಯೂ ನಾವು ಅಡ್ಡಗಟ್ಟಿದ ದಾರಿಗಳನ್ನು ಕ್ಷಮಿಸು. ನಾವು ನೋಯಿಸಿದವರ ಮನಸ್ಸಿನಲ್ಲಿ ನಮ್ಮ ಬಗ್ಗೆ ಕರುಣೆ ಹಾಕು. ನಮ್ಮ ನಡುವಿನ ರೋಗಿಗಳಿಗೆ ಗುಣ ಕೊಡು, ದುರ್ಬಲರಿಗೆ ಆಸರೆ ಕೊಡು. ನಿನ್ನ ಮನೆಯ ಬಾಗಿಲಿಗೆ ಬಂದ ಯಾರೂ ನಮ್ಮಿಂದಾಗಿ ಹಿಂತಿರುಗಿ ಹೋಗದಂತೆ ಮಾಡು. ಆಮೀನ್.