ಸವೆದ ನಾಣ್ಯದ ಚುಕ್ಕಿ: ಮುಂಬೈಯದ್ದೋ, ನೊಯ್ಡಾದ್ದೋ?

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಹಳೇ ಮನೆಗಳಲ್ಲಿ ಹುಡುಕಿದ್ರೆ ದೇವರ ಕೋಣೆಯ ಡಬ್ಬಿಯಲ್ಲೋ, ಅಜ್ಜಿಯ ಎಲೆಯಡಿಕೆ ಸಂಚಿಯಲ್ಲೋ ನಾಲ್ಕು ಹಳೇ ನಾಣ್ಯ ಸಿಕ್ಕೇ ಸಿಗ್ತವೆ. ಕೂಡಲೇ ಬರುವ ಪ್ರಶ್ನೆ, "ಇದಕ್ಕೆ ಲಕ್ಷ ಬರ್ತದಂತೆ, ಹೌದಾ?" ಬೆಲೆ ಆಮೇಲೆ ನೋಡುವ. ನಾಣ್ಯ ಯಾವ ಟಂಕಸಾಲೆಯದ್ದು ಅಂತ ಮೊದಲು ಗೊತ್ತಾಗ್ಬೇಕು. ಒಂದೇ ಇಸವಿಯ ನಾಣ್ಯ ಒಂದು ಟಂಕಸಾಲೆಯಿಂದ ಹೆಚ್ಚು, ಇನ್ನೊಂದರಿಂದ ಕಡಿಮೆ ಬಂದಿರಬಹುದು. ಬೆಲೆಯ ವ್ಯತ್ಯಾಸ ಅಲ್ಲಿಂದಲೇ ಶುರು.

ಸ್ವತಂತ್ರ ಭಾರತದ ನಾಣ್ಯ ಆದ್ರೆ ಇಸವಿಯ ಕೆಳಗೆ ನೋಡಿ. ವಜ್ರದಾಕಾರ ಇದ್ರೆ ಮುಂಬೈ. ನಕ್ಷತ್ರ ಇದ್ರೆ ಹೈದರಾಬಾದ್. ದುಂಡು ಚುಕ್ಕಿ ನೊಯ್ಡಾದ್ದು. ಏನೂ ಇಲ್ಲ ಅಂದ್ರೆ ಕೋಲ್ಕತ್ತಾ. ಓದೋದಕ್ಕೆ ಸುಲಭ. ಆದ್ರೆ ಮೂವತ್ತು ವರ್ಷ ಕೈಯಿಂದ ಕೈಗೆ ಓಡಾಡಿದ ನಾಣ್ಯದಲ್ಲಿ ವಜ್ರದ ಮೂಲೆಗಳೇ ಮೊದಲು ಸವೆಯೋದು. ಮೂಲೆ ಹೋದ ವಜ್ರ ಥೇಟ್ ದುಂಡು ಚುಕ್ಕಿ!

ಇಲ್ಲಿ ಇಸವಿ ಸಹಾಯಕ್ಕೆ ಬರ್ತದೆ. ನೊಯ್ಡಾ ಟಂಕಸಾಲೆ ಕೆಲಸ ಶುರುಮಾಡಿದ್ದು 1988ರಲ್ಲಿ. ಅಂದ್ಮೇಲೆ 1982ರ ನಾಣ್ಯದಲ್ಲಿ ಚುಕ್ಕಿ ಎಷ್ಟೇ ದುಂಡಗೆ ಕಂಡ್ರೂ ಅದು ನೊಯ್ಡಾದ್ದಲ್ಲ. ಹಾಗಂತ ಮುಂಬೈಯದ್ದೇ ಅಂತಲೂ ಹೇಳ್ಬೇಡಿ, ಸವೆದ ನಕ್ಷತ್ರವೂ ಚುಕ್ಕಿಯಂತೆಯೇ ಕಾಣ್ತದೆ. ಹೈದರಾಬಾದಿನ ಇನ್ನೂ ಹಳೇ ನಾಣ್ಯಗಳಲ್ಲಿ ನಡುವೆ ಸೀಳಿದ ವಜ್ರ, ಒಳಗೆ ಚುಕ್ಕಿ ಇಟ್ಟ ವಜ್ರವೂ ಉಂಟು.

ಇನ್ನು "ಗುರುತೇ ಇಲ್ಲ, ಕೋಲ್ಕತ್ತಾ" ಅನ್ನೋ ಮಾತು. ಐದನೇ ಜಾರ್ಜ್ ಕಾಲದ ಕಾಲಾಣೆಯಲ್ಲಿ ಬಾಂಬೆಯ ಗುರುತು ಇಸವಿ ಕೆಳಗಿನ ಸಣ್ಣ ಉಬ್ಬು ಚುಕ್ಕಿ, ಅಷ್ಟೇ. ಇಸವಿಯ ಅಂಕಿಗಳೇ ಚಪ್ಪಟೆಯಾಗಿದ್ರೆ ಆ ಚುಕ್ಕಿ ಉಳಿದಿರ್ತದಾ? ಅಂಕಿ ಚೂಪಾಗಿದ್ದು ಚುಕ್ಕಿ ಮಾತ್ರ ಇಲ್ಲದಿದ್ರೆ ಕೋಲ್ಕತ್ತಾ ಅನ್ನಬಹುದು. ಅಂಕಿಯೂ ಸವೆದಿದ್ರೆ "ಹೇಳ್ಲಿಕ್ಕಾಗುದಿಲ್ಲ" ಅನ್ನೋದೇ ಸರಿಯಾದ ಉತ್ತರ. ಉತ್ತರ ಕನ್ನಡ 1862ರಿಂದ ಬಾಂಬೆ ಪ್ರೆಸಿಡೆನ್ಸಿಯಲ್ಲಿ ಇತ್ತು, ನಿಜ. ಅಷ್ಟಕ್ಕೇ ಮನೆಯಲ್ಲಿ ಸಿಕ್ಕ ಕಾಲಾಣೆ ಬಾಂಬೆಯದ್ದು ಅಂತ ಆಗುದಿಲ್ಲ. ದುಡ್ಡು ಊರೂರು ತಿರುಗ್ತದೆ.

ನೋಡುವ ರೀತಿ ಹೀಗೆ: ಕೋಣೆ ಕತ್ತಲೆ ಮಾಡಿ, ಮೊಬೈಲ್ ಟಾರ್ಚನ್ನು ಮೇಲಿಂದ ಹಿಡೀದೆ ಪಕ್ಕದಿಂದ, ಮೇಜಿನ ಮಟ್ಟಕ್ಕೆ ಹಿಡೀರಿ. ನಾಣ್ಯವನ್ನು ನಿಧಾನ ತಿರುಗಿಸಿ. ಉಳಿದ ಉಬ್ಬು ನೆರಳು ಬಿಡ್ತದೆ. ಭೂತಗನ್ನಡಿ ಇದ್ರೆ ಇನ್ನೂ ಒಳ್ಳೇದು. ಹುಣಸೆಹುಳಿ, ಮುರುಗಲ ಹುಳಿ, ಪಾತ್ರೆ ತಿಕ್ಕುವ ಪುಡಿ ಮಾತ್ರ ಬೇಡ. ಹೊಳಪು ಬರ್ತದೆ, ಇದ್ದ ಗುರುತೂ ಬೆಲೆಯೂ ಹೋಗ್ತದೆ.

ಕೊನೇ ಮಾತು. ಹಳೇ ನಾಣ್ಯ ಕೊಳ್ಳುವ ನೆಪದಲ್ಲಿ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಶುಲ್ಕ, ಕಮಿಷನ್ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ. ನಾನು ಓದಿದ್ದು ಕಾಮರ್ಸ್, ಅಲ್ಲಿಯ ಲೆಕ್ಕ ಸರಳ: ಮಾರುವವರು ನೀವು, ದುಡ್ಡು ಬರಬೇಕಾದ್ದು ನಿಮಗೆ. ಮೊದಲು ನೀವೇ ಕಟ್ಟಿ ಅಂದ್ರೆ ಫೋನ್ ಇಡಿ.

ಮುಂದಿನ ವಾರ ಸಿಗುವ.