ಗೊಂಬೆ ಮದುವೆಯಿಂದ ಗಣಕದ ಮನೆಯವರೆಗೆ: ನಂಟು ತಿದ್ದುವ ಆಟ
(ಉಪನ್ಯಾಸದ ಬರಹರೂಪ)



ಹಾಸನ ಸೀಮೆಯಲ್ಲಿ ಬೆಳೆದ ಹಿರಿಯರಲ್ಲಿ ಅನೇಕರಿಗೆ ಗೊಂಬೆ ಮದುವೆಯ ಆಟ ನೆನಪಿರುತ್ತದೆ. ಒಂದು ಮನೆಯ ಮಕ್ಕಳದು ಹೆಣ್ಣಿನ ಕಡೆ, ಇನ್ನೊಂದು ಮನೆಯ ಮಕ್ಕಳದು ಗಂಡಿನ ಕಡೆ. ಜಗಲಿಯೇ ಛತ್ರ, ಹೊಂಗೆ ಎಲೆಯೇ ಚಪ್ಪರ, ಕಡಲೆ ಬೆಲ್ಲವೇ ಮದುವೆಯೂಟ. ಅರ್ಧ ಗಂಟೆ ಕಳೆಯುವುದರೊಳಗೆ ಬೀಗರಿಗೆ ಜಗಳ ಬರುತ್ತಿತ್ತು. ‘ನಮ್ಮ ಹುಡುಗೀನ ಕಳಿಸೋಲ್ಲ’ ಎಂದು ಒಬ್ಬಳು ಗೊಂಬೆಯನ್ನು ಸೆರಗಿಗೆ ಕಟ್ಟಿಕೊಂಡು ಹೊರಟುಬಿಟ್ಟರೆ ಮದುವೆ ಮುರಿದಂತೆಯೇ. ಮರುದಿನ ಅದೇ ಗೊಂಬೆ ಮತ್ತೊಂದು ಮನೆಯ ಸೊಸೆಯಾಗುತ್ತಿತ್ತು. ಯಾರು ಯಾರಿಗೆ ಏನಾಗಬೇಕು ಎಂಬುದನ್ನು ತೀರ್ಮಾನಿಸುವ ಅಧಿಕಾರ ಆ ಹೊತ್ತಿಗೆ ಮಕ್ಕಳ ಕೈಯಲ್ಲಿತ್ತು.

ಇದೇ ಆಟ ಇಂದು ಗಣಕದ ಪರದೆಯ ಮೇಲೆ ನಡೆಯುತ್ತಿದೆ. ಅದಕ್ಕೆ ಬದುಕಿನ ಅನುಕರಣೆಯ ಆಟ ಎಂದು ಹೆಸರು. ಈ ಬಗೆಯ ಆಟಗಳಲ್ಲಿ ಹೆಸರುವಾಸಿಯಾದದ್ದು ‘ದಿ ಸಿಮ್ಸ್’. ಅದರ ಕರ್ತೃ ಅಮೆರಿಕದ ವಿಲ್ ರೈಟ್. 1991ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ಬೆಟ್ಟಗಳಿಗೆ ಬಿದ್ದ ಬೆಂಕಿಯಲ್ಲಿ ಆತನ ಮನೆ ಸುಟ್ಟುಹೋಯಿತು. ಕಳೆದುಕೊಂಡ ಮನೆಯನ್ನು ಒಂದೊಂದೇ ಸಾಮಾನಿನಿಂದ ಮತ್ತೆ ಕಟ್ಟಿಕೊಳ್ಳಬೇಕಾದಾಗ ಈ ಆಟದ ಕಲ್ಪನೆ ಆತನಲ್ಲಿ ಬಲಿಯಿತು. ‘ಇದು ಬರಿಯ ಗೊಂಬೆಮನೆ, ಇದನ್ನು ಯಾರು ಆಡುತ್ತಾರೆ?’ ಎಂಬ ಅನುಮಾನ ಆತನ ಸಂಸ್ಥೆಯೊಳಗೇ ಇತ್ತು. 2000ದ ಫೆಬ್ರವರಿಯಲ್ಲಿ ಆಟ ಹೊರಬಂದಾಗ ಜಗತ್ತೇ ಆಡಿತು. ನಾಲ್ಕನೆಯ ಆವೃತ್ತಿ 2014ರಲ್ಲಿ ಬಂದಿತು. 2022ರಿಂದ ಅದರ ಮೂಲ ಆಟ ಉಚಿತವಾಗಿ ದೊರೆಯುತ್ತಿದೆ.

ಅಂಕಿಗೆ ಇಳಿದ ಸ್ನೇಹ

ಗೊಂಬೆ ಮದುವೆಯಲ್ಲಿ ನಂಟು ಮಕ್ಕಳ ಮಾತಿನಲ್ಲಿರುತ್ತಿತ್ತು. ಗಣಕಕ್ಕೆ ಮಾತು ಸಾಲದು, ಅಂಕಿ ಬೇಕು. ‘ಸಿಮ್ಸ್’ನ ನಾಲ್ಕನೆಯ ಆವೃತ್ತಿಯಲ್ಲಿ ಇಬ್ಬರ ನಡುವೆ ಎರಡು ಪಟ್ಟಿಗಳಿವೆ: ಒಂದು ಸ್ನೇಹದ್ದು, ಇನ್ನೊಂದು ಪ್ರಣಯದ್ದು. ಎರಡೂ ಮೈನಸ್ 100ರಿಂದ ಪ್ಲಸ್ 100ರವರೆಗೆ ಚಲಿಸುತ್ತವೆ. ಒಳ್ಳೆಯ ಮಾತಾಡಿದರೆ ಏರುತ್ತವೆ, ಹೀಯಾಳಿಸಿದರೆ ಇಳಿಯುತ್ತವೆ, ಬಹುಕಾಲ ಭೇಟಿಯಿಲ್ಲದಿದ್ದರೆ ತಾವಾಗಿಯೇ ಸೊರಗುತ್ತವೆ.

2016ರಲ್ಲಿ ಎರಿಕ್ ಬರೋನ್ ಎಂಬಾತ ಒಬ್ಬನೇ ಕುಳಿತು ರಚಿಸಿ ಹೊರತಂದ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಬೇಸಾಯದ ಆಟದಲ್ಲಿ ಲೆಕ್ಕ ಇನ್ನೂ ಕಟ್ಟುನಿಟ್ಟು. ಅಲ್ಲಿ 250 ಅಂಕಕ್ಕೆ ಒಂದು ಹೃದಯ. ಊರವರೊಬ್ಬರನ್ನು ಮಾತಾಡಿಸಿದರೆ 20 ಅಂಕ. ಹುಟ್ಟುಹಬ್ಬದ ದಿನ ಕೊಟ್ಟ ಉಡುಗೊರೆಗೆ ಎಂಟು ಪಟ್ಟು ಬೆಲೆ. ಮಾತಾಡಿಸದೆ ಬಿಟ್ಟರೆ ದಿನಕ್ಕೆ ಇಷ್ಟೆಂದು ಕಡಿತ. ‘ಹೋಗಿ ಬಂದು ಮಾಡಿದರೆ ತಾನೇ ನೆಂಟಸ್ತಿಕೆ’ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನು ಆತ ಕೂಡು-ಕಳೆ ಲೆಕ್ಕವಾಗಿ ಬರೆದಿದ್ದಾನೆ, ಅಷ್ಟೆ.

ಇಲ್ಲೊಂದು ಸೂಕ್ಷ್ಮವಿದೆ. ‘ಸಿಮ್ಸ್’ನ ಮೊದಲೆರಡು ಆವೃತ್ತಿಗಳಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಅಂಕವಿತ್ತು, ಅವನಿಗೆ ಅವಳ ಮೇಲೆ ಒಲವು, ಅವಳಿಗೆ ಅವನ ಮೇಲೆ ಬೇಸರ ಇರಲು ಸಾಧ್ಯವಿತ್ತು. ನಾಲ್ಕನೆಯದರಲ್ಲಿ ಇಬ್ಬರಿಗೂ ಸೇರಿ ಒಂದೇ ಪಟ್ಟಿಯಾಯಿತು. ಒಬ್ಬರ ಮನಸ್ಸಿನ ನೋವನ್ನು ಮತ್ತೊಬ್ಬರದರಿಂದ ಬೇರೆಯಾಗಿ ಗುರುತಿಸುವ ಏರ್ಪಾಡು ಅದಕ್ಕೆ ಮರಳಿ ಬಂದದ್ದು 2020ರ ಪರಿಷ್ಕರಣೆಯಲ್ಲಿ.

‘ಮಾಡ್’ ಎಂದರೇನು?

ಆಟದ ಈ ಲೆಕ್ಕಾಚಾರ ಒಪ್ಪಿಗೆಯಾಗದವರು ಏನು ಮಾಡಬೇಕು? ಅವರಿಗೆ ಒದಗಿರುವುದೇ ‘ಮಾಡ್’. ಇದು ಕನ್ನಡದ ‘ಮಾಡು’ ಅಲ್ಲ. ಬೇರೆಯವರು ಮಾಡಿಟ್ಟದ್ದನ್ನು ತಿದ್ದುವುದು. ಆಟ ತಯಾರಿಸಿದ ಕಂಪನಿಯವರಲ್ಲದೆ, ಆಡುವವರಲ್ಲೇ ಬಲ್ಲವರು ಬರೆದ ಚಿಕ್ಕ ಮಾರ್ಪಾಡಿನ ಕಡತ ಅದು. ‘ಸಿಮ್ಸ್’ ಆಟ ತನ್ನ ಕಡತಗಳ ನಡುವೆ ಇದಕ್ಕೆಂದೇ ಒಂದು ಗೂಡನ್ನು ಇಟ್ಟುಕೊಂಡಿದೆ. ಕೆಲವು ಮಾಡ್‌ಗಳು ಆಟದ ನಿಯಮಪಟ್ಟಿಯ ಅಂಕಿಯನ್ನು ಮಾತ್ರ ಬದಲಿಸುತ್ತವೆ: ಸ್ನೇಹ ಸೊರಗುವ ವೇಗ ತಗ್ಗಿಸುವುದು, ಮುನಿಸು ಹೆಚ್ಚು ದಿನ ಉಳಿಯುವಂತೆ ಮಾಡುವುದು ಇತ್ಯಾದಿ. ಇನ್ನು ಕೆಲವು ಪೈಥಾನ್ ಎಂಬ ಗಣಕ ಭಾಷೆಯಲ್ಲಿ ಹೊಸ ನಿಯಮಗಳನ್ನೇ ಬರೆದು ಸೇರಿಸುತ್ತವೆ. ‘ಎಂಸಿ ಕಮಾಂಡ್ ಸೆಂಟರ್’ ಎಂಬ ಪ್ರಸಿದ್ಧ ಮಾಡ್ ಎರಡನೆಯ ಬಗೆಯದು. ಆಡುವವನು ನೋಡದಿದ್ದಾಗಲೂ ನೆರೆಮನೆಯವರಿಗೆ ಮದುವೆ ಮಕ್ಕಳು ಆಗುವಂತೆ ಅದು ನೋಡಿಕೊಳ್ಳುತ್ತದೆ.

ಇದಕ್ಕೆ ಎರಡು ಎಚ್ಚರಿಕೆಗಳನ್ನು ಬಲ್ಲವರು ಹೇಳುತ್ತಾರೆ. ಮೊದಲನೆಯದು, ತಿದ್ದುವ ಮುನ್ನ ಉಳಿಸಿಟ್ಟ ಆಟದ ಪ್ರತಿಯೊಂದನ್ನು ತೆಗೆದಿರಿಸಬೇಕು. ಎರಡನೆಯದು, ಕಂಪನಿ ಆಟವನ್ನು ಪರಿಷ್ಕರಿಸಿದಾಗ ಹಳೆಯ ಮಾಡ್ ಹೊಂದದೆ ಹೋಗಬಹುದು. ಅದಕ್ಕೇ ಆಟ ಪರಿಷ್ಕರಣೆಯಾದೊಡನೆ ಎಲ್ಲ ಮಾಡ್‌ಗಳನ್ನೂ ತಾನೇ ನಿಲ್ಲಿಸಿಬಿಡುತ್ತದೆ. ಒಂದೊಂದನ್ನೇ ಪರೀಕ್ಷಿಸಿ ಮತ್ತೆ ಒಳಬಿಡಬೇಕು.

‘ಮಾವ’ ಎಂಬ ಒಂದು ಮಾತು

ಇಲ್ಲಿಯವರೆಗಿನದು ಯಂತ್ರದ ಮಾತಾಯಿತು. ನಮಗೆ ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ: ಈ ಆಟಕ್ಕೆ ಯಾರ ಮನೆಯ ನಂಟು ಗೊತ್ತು?

ಹೊಳೆನರಸೀಪುರದಲ್ಲಿ ಒಂದು ಮನೆ ಎಂದುಕೊಳ್ಳೋಣ. ಆ ಮನೆಯ ಹುಡುಗನಿಗೆ ಹಾಸನದಲ್ಲಿ ದೊಡ್ಡಪ್ಪ, ಅರಕಲಗೂಡಿನಲ್ಲಿ ಸೋದರತ್ತೆ, ಚನ್ನರಾಯಪಟ್ಟಣದಲ್ಲಿ ಸೋದರಮಾವ. ಮೂರು ಮನೆಗಳಲ್ಲೂ ಹೆಣ್ಣುಮಕ್ಕಳಿದ್ದಾರೆ. ಆಟದ ದೃಷ್ಟಿಯಲ್ಲಿ ಇವರೆಲ್ಲ ‘ಕಸಿನ್’ಗಳು, ಪ್ರಣಯದ ಬಾಗಿಲು ಮೂವರಿಗೂ ಮುಚ್ಚಿದೆ. ಆದರೆ ಮನೆಯವರ ದೃಷ್ಟಿಯಲ್ಲಿ ಹಾಸನದವಳು ಅಕ್ಕ ಅಥವಾ ತಂಗಿ. ಅರಕಲಗೂಡಿನವಳೂ ಚನ್ನರಾಯಪಟ್ಟಣದವಳೂ ಅತ್ತಿಗೆ ಅಥವಾ ನಾದಿನಿಯ ಸಾಲಿನವರು. ಮೊದಲನೆಯವಳ ಮದುವೆಯ ಮಾತೆತ್ತಿದರೆ ಮನೆಯವರು ಕಿವಿ ಮುಚ್ಚಿಕೊಳ್ಳುತ್ತಾರೆ. ಉಳಿದಿಬ್ಬರ ವಿಷಯದಲ್ಲಿ ತೊಟ್ಟಿಲಲ್ಲಿದ್ದಾಗಲೇ ಮಾತು ಬಂದಿರುತ್ತದೆ.

ಕನ್ನಡದ ಮಾತುಗಳೇ ಇದನ್ನು ಹೇಳುತ್ತವೆ. ತಾಯಿಯ ಅಣ್ಣತಮ್ಮಂದಿರೂ ‘ಮಾವ’, ಮಡದಿಯ ತಂದೆಯೂ ‘ಮಾವ’. ತಂದೆಯ ಅಕ್ಕತಂಗಿಯರೂ ‘ಅತ್ತೆ’, ಗಂಡನ ತಾಯಿಯೂ ‘ಅತ್ತೆ’. ಗಂಡಸಿಗೆ ಅಕ್ಕನ ಮಗನೂ ‘ಅಳಿಯ’, ಮಗಳ ಗಂಡನೂ ‘ಅಳಿಯ’. ಮದುವೆಯ ನಿಯಮ ನಂಟಿನ ಹೆಸರುಗಳೊಳಗೇ ಅಡಗಿ ಕುಳಿತಿದೆ. ಎಂ. ಎನ್. ಶ್ರೀನಿವಾಸರು 1942ರಲ್ಲಿ ಪ್ರಕಟಿಸಿದ ಮೈಸೂರಿನ ಮದುವೆ ಮತ್ತು ಕುಟುಂಬವನ್ನು ಕುರಿತ ಗ್ರಂಥ, 1953ರಲ್ಲಿ ಇರಾವತಿ ಕರ್ವೆಯವರೂ ಫ್ರಾನ್ಸಿನ ಲೂಯಿ ದ್ಯುಮೋನರೂ ದಕ್ಷಿಣದ ಬಂಧುತ್ವವನ್ನು ಕುರಿತು ನಡೆಸಿದ ವಿವೇಚನೆ, ಇವೆಲ್ಲ ಈ ವಿಷಯವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿವೆ.

ಇದನ್ನು ಆಟಕ್ಕೆ ಕಲಿಸಬೇಕೆನ್ನುವ ಮಾಡ್‌ಕಾರನ ಕೆಲಸ ತತ್ತ್ವದಲ್ಲಿ ಕಷ್ಟವಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಇಬ್ಬರು ಮಕ್ಕಳ ನಡುವೆ ಕೊಂಡಿಯಾದ ಒಡಹುಟ್ಟಿದ ಹಿರಿಯರು ಇಬ್ಬರೂ ಗಂಡಸರೋ, ಇಬ್ಬರೂ ಹೆಂಗಸರೋ, ಅಥವಾ ಒಬ್ಬ ಗಂಡಸು ಒಬ್ಬ ಹೆಂಗಸೋ? ಮೊದಲಿನ ಎರಡಾದರೆ ಮಕ್ಕಳು ಅಣ್ಣತಂಗಿಯರು. ಮೂರನೆಯದಾದರೆ ಭಾವ ನಾದಿನಿಯರು. ಓದುಬರಹ ಬಾರದ ಅಜ್ಜಿಯೊಬ್ಬಳು ಕಣ್ಣು ಮುಚ್ಚಿ ಹೇಳುವ ಈ ಲೆಕ್ಕ ಕೋಟಿಗಟ್ಟಲೆ ಪ್ರತಿ ಮಾರಾಟವಾದ ಆಟದ ಮೂಲದಲ್ಲಿ ಇಲ್ಲ. ಅದು ಆಟದ ಕೊರತೆ ಎನ್ನುವುದಕ್ಕಿಂತ, ಯಾವ ಆಟವೂ ಒಂದು ಸಮಾಜದ ನೆಲದಲ್ಲಿ ನಿಂತೇ ನಿಯಮ ಬರೆಯುತ್ತದೆ ಎನ್ನುವುದೇ ಸರಿ.

ದೂರದ ನಂಟರ ಗತಿಯೂ ಹಾಗೆಯೇ. ಗಣಕದ ಹೊರೆ ತಗ್ಗಿಸಲು ಆಟ ಹೆಚ್ಚು ಬಳಕೆಯಿಲ್ಲದ ನಂಟುಗಳನ್ನು ಅಳಿಸಿಹಾಕುತ್ತದೆ. ಸತ್ತ ಹಿರಿಯರು ವಂಶವೃಕ್ಷದಿಂದ ಕಾಣೆಯಾಗುವುದುಂಟು. ಇದನ್ನು ತಡೆಯಲೆಂದೇ ಮಾಡ್‌ಗಳಲ್ಲಿ ಏರ್ಪಾಡುಗಳಿವೆ. ಪಿತೃಪಕ್ಷದಲ್ಲಿ ಎಡೆಯಿಟ್ಟು ಮೂರು ತಲೆಮಾರಿನ ಹೆಸರು ಹೇಳುವ ಮನೆಯವರಿಗೆ ಆ ಕಳವಳ ಏನೆಂದು ವಿವರಿಸಬೇಕಾಗಿಲ್ಲ.

ಕವಿಗಳು ಮಾಡಿದ ತಿದ್ದುಪಡಿ

ಇತರರು ಕಟ್ಟಿದ ಲೋಕದಲ್ಲಿ ಪಾತ್ರಗಳ ನಂಟನ್ನು ತಿದ್ದುವುದು ಗಣಕದೊಡನೆ ಹುಟ್ಟಿದ ಸಾಹಸವಲ್ಲ. ಕನ್ನಡದ ಆದಿಕವಿಯೇ ಅದನ್ನು ಮಾಡಿದ್ದಾನೆ. ಕ್ರಿ.ಶ. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪನು ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ. ಹಾಗಾದ ಮೇಲೆ ನಾಯಕನ ಮಡದಿ ಐವರ ಮಡದಿಯಾಗಿರುವುದು ಹೇಗೆ? ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿಸಿದ.

ತಿದ್ದಿದ್ದು ಒಂದೇ ಎಳೆ. ಆದರೆ ಬಲೆಯೆಲ್ಲ ಅಲುಗಿತು. ಧರ್ಮರಾಯನೂ ಭೀಮನೂ ದ್ರೌಪದಿಗೆ ಭಾವಂದಿರಾದರು. ನಕುಲ ಸಹದೇವರು ಮೈದುನರಾದರು. ತುಂಬಿದ ಸಭೆಯಲ್ಲಿ ಭೀಮ ಮಾಡಿದ ಪ್ರತಿಜ್ಞೆ ಗಂಡನ ರೋಷವಾಗಿ ಉಳಿಯದೆ ಭಾವನ ರೋಷವಾಯಿತು. ಕಥೆಯ ಕೊನೆಯಲ್ಲಿ ಅರ್ಜುನನ ಪಕ್ಕದಲ್ಲಿ ಪಟ್ಟವೇರುವವಳು ಸುಭದ್ರೆ. ಒಂದು ನಿಯಮ ಬದಲಿಸಿದರೆ ಹತ್ತು ಕಡೆ ಹೊಂದಿಸಬೇಕಾಗುತ್ತದೆ ಎಂಬುದು ಇಂದಿನ ಮಾಡ್‌ಕಾರರ ನಿತ್ಯದ ಅನುಭವ. ಪಂಪನ ಓದುಗರು ಅದನ್ನು ಸಾವಿರ ವರ್ಷದಿಂದ ಬಲ್ಲರು.

ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಇನ್ನೊಂದು ನಿದರ್ಶನವಿದೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ 978ರಲ್ಲಿ ಗದ್ಯದಲ್ಲಿ ಒಂದು ಪುರಾಣವನ್ನು ರಚಿಸಿದ. ಅವನು ಅನುಸರಿಸಿದ್ದು ಜಿನಸೇನ ಮತ್ತು ಗುಣಭದ್ರರ ಪರಂಪರೆಯನ್ನು. ಗುಣಭದ್ರನ ‘ಉತ್ತರಪುರಾಣ’ದಲ್ಲಿ ಸೀತೆ ಜನಕನಿಗೆ ಸಿಕ್ಕ ಕೂಸು ನಿಜ, ಆದರೆ ಹುಟ್ಟಿನಿಂದ ರಾವಣ ಮಂಡೋದರಿಯರ ಮಗಳು. ಆ ಒಂದು ನಂಟು ಸೇರಿದೊಡನೆ ರಾವಣನ ಮೋಹ ಬರಿಯ ಪರಸ್ತ್ರೀ ವ್ಯಾಮೋಹವಾಗಿ ಉಳಿಯುವುದಿಲ್ಲ. ಅರಿಯದೆ ತನ್ನ ಕರುಳನ್ನೇ ಬಯಸಿದವನ ದುರಂತವಾಗುತ್ತದೆ. ಕರ್ನಾಟಕದ ಜನಪದ ರಾಮಾಯಣವೊಂದು ಇನ್ನೂ ಮುಂದೆ ಹೋಗಿ, ಬಸಿರಾದ ರಾವಣ ಸೀತಾಗ ಹುಟ್ಟಿದವಳೇ ಸೀತೆ ಎಂದು ಹೇಳುತ್ತದೆ.

ಅದೇ ತಾಲ್ಲೂಕಿನ ಸಂತೇಶಿವರದವರಾದ ಎಸ್. ಎಲ್. ಭೈರಪ್ಪನವರು (1931–2025) 1979ರ ‘ಪರ್ವ’ದಲ್ಲಿ ಪಾಂಡವರ ಹುಟ್ಟನ್ನು ದೇವತೆಗಳ ವರದಿಂದ ಬಿಡಿಸಿ ಮನುಷ್ಯರ ನಡುವಣ ನಿಯೋಗಕ್ಕೆ ತಂದರು. ವರವೆಂದಾಗ ಏಳದಿದ್ದ ಪ್ರಶ್ನೆ ಆಗ ಎದ್ದು ನಿಂತಿತು: ಹಾಗಿದ್ದರೆ ಈ ಮಕ್ಕಳು ಯಾರವರು, ರಾಜ್ಯ ಯಾರದು?

ಆಟಕ್ಕೂ ಮನೆಗೂ ನಡುವೆ

ಹಾಗಾದರೆ ನಂಟನ್ನು ತಿದ್ದುವುದರಲ್ಲಿ ದೋಷವೇ ಇಲ್ಲವೆ? ಪಾತ್ರಗಳ ಮಟ್ಟಿಗೆ ಇಲ್ಲ. ಗೊಂಬೆಗೆ ಒಲ್ಲೆ ಎನ್ನುವ ಬಾಯಿಲ್ಲ. ಪರದೆಯ ಮೇಲಿನ ಹುಡುಗಿಗೂ ಇಲ್ಲ. ಪಟ್ಟಿಯನ್ನು 100ಕ್ಕೆ ಎಳೆದಿಟ್ಟರೆ ಅವಳು ನಗುತ್ತಾಳೆ. ತೊಡಕಿರುವುದು ಮನೆಯ ಮಕ್ಕಳನ್ನೂ ಹಾಗೆಯೇ ಎಳೆದಿಡಬಹುದೆಂದು ಹಿರಿಯರು ಭಾವಿಸಿದಾಗ.

ಸೋದರಿಕೆಯ ಮದುವೆ ಹಳೆಯ ಕಾಲದ ಮಾತೇನೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸುಮಾರು ಕಾಲು ಭಾಗ ವಿವಾಹಿತೆಯರ ಮದುವೆ ರಕ್ತಸಂಬಂಧದಲ್ಲೇ ಆದದ್ದು. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ ಸೊಸೆಯರ, ಅಣ್ಣತಂಗಿಯರ ಮಕ್ಕಳ ಮದುವೆಯನ್ನು ನಿಷೇಧಿಸುತ್ತದೆ. ಆದರೆ ರೂಢಿಯಿದ್ದಲ್ಲಿ ವಿನಾಯಿತಿ ಕೊಡುತ್ತದೆ. ಹತ್ತಿರದ ರಕ್ತಸಂಬಂಧದಲ್ಲಿ ಮಕ್ಕಳಿಗೆ ಆನುವಂಶಿಕ ಕಾಯಿಲೆಯ ಅಪಾಯ ಹೆಚ್ಚು ಎಂದು ವೈದ್ಯರು ಎಚ್ಚರಿಸುತ್ತಾರೆ. ರೂಢಿ, ಕಾಯ್ದೆ, ವೈದ್ಯ, ಈ ಮೂರೂ ಮಾತಾಡುವಾಗ ಎಷ್ಟೋ ಸಲ ಮಾತಾಡದೆ ಉಳಿಯುವವಳು ಮದುಮಗಳು. ‘ಮಾವನ ಮನೆ ಬೇರೆಯೇನಲ್ಲ, ಆಸ್ತಿಯೂ ಹೊರಗೆ ಹೋಗುವುದಿಲ್ಲ’ ಎಂಬ ಮಾತಿನಲ್ಲಿ ಅವಳ ಮನಸ್ಸಿನ ಅಂಕ ಎಷ್ಟೆಂದು ಯಾರೂ ಕೇಳಿರುವುದಿಲ್ಲ. ಎರಡು ಕಡೆಗೂ ಸೇರಿ ಒಂದೇ ಪಟ್ಟಿ ಸಾಲದು ಎಂದು ಆಟ ತಯಾರಿಸಿದವರಿಗೇ ಅರಿವಾಯಿತಲ್ಲ, ಅದು ಮನೆಗಳಿಗೂ ಅರಿವಾಗಬೇಕಾದ ಸಂಗತಿ.

ಇಷ್ಟಾಗಿಯೂ ಈ ಆಟಕ್ಕೆ ಒಂದು ಪ್ರಯೋಜನವಿದೆ. ತನ್ನ ಮನೆಯನ್ನೇ ಹೋಲುವ ಮನೆಯೊಂದನ್ನು ಪರದೆಯ ಮೇಲೆ ಕಟ್ಟಿ, ಅಲ್ಲಿ ನಿಶ್ಚಯವಾದ ನಂಟನ್ನು ಮುರಿದು, ಮುಂದೇನಾಗುತ್ತದೆಂದು ನೋಡುವ ಅವಕಾಶ ಹುಡುಗಿಯೊಬ್ಬಳಿಗೆ ಅಲ್ಲಿದೆ. ಆಟ ಕೊಡುವ ಉತ್ತರ ಬದುಕಿನ ಉತ್ತರವಲ್ಲ. ಆದರೂ ಪ್ರಶ್ನೆ ಕೇಳಿ ನೋಡಿದಂತಾಗುತ್ತದೆ. ಗೊಂಬೆಯನ್ನು ಸೆರಗಿಗೆ ಕಟ್ಟಿಕೊಂಡು ‘ಕಳಿಸೋಲ್ಲ’ ಎಂದು ಹೊರಟ ಅಂದಿನ ಬಾಲೆ ಮಾಡಿದ್ದೂ ಇದನ್ನೇ. ಅವಳಲ್ಲಿ ಎಷ್ಟೋ ಮಂದಿಗೆ ಮುಂದೆ ತಮ್ಮ ಮದುವೆಯಲ್ಲಿ ಆ ಮಾತನ್ನು ಆಡಲು ಆಗಲಿಲ್ಲ. ಇಂದು ಪರದೆಯ ಮುಂದೆ ಕುಳಿತ ಅವಳ ಮೊಮ್ಮಗಳು ಏನು ತಿದ್ದುತ್ತಿದ್ದಾಳೆಂದು ಮನೆಯವರು ಒಮ್ಮೆ ಪಕ್ಕದಲ್ಲಿ ಕುಳಿತು ಕೇಳುವುದು ಒಳ್ಳೆಯದು.